ಇಂಡೊನೇಷ್ಯಾದ ಹಿಜಾಬ್: ನಿಷೇಧ, ಫ್ಯಾಷನ್, ಕಟ್ಟಳೆ

ಹಿಜಾಬ್ ಫ್ಯಾಷನ್ ಎಂದರೆ ಇಂದು ಮೊದಲು ನೆನಪಾಗುವ ದೇಶಗಳಲ್ಲಿ ಇಂಡೊನೇಷ್ಯಾವೂ ಒಂದು. ಅಲ್ಲಿನ ಸರ್ಕಾರಿ ಶಾಲೆಗಳು ಒಂದು ಕಾಲಕ್ಕೆ ಹಿಜಾಬ್ ತೊಟ್ಟ ಹುಡುಗಿಯರನ್ನು ತರಗತಿಯಿಂದ ಹೊರಗಿಟ್ಟಿದ್ದವು ಎಂದರೆ ಈಗಿನವರು ನಂಬಲಿಕ್ಕಿಲ್ಲ.

ಅಜ್ಜಿಯರ ಕಾಲದಲ್ಲಿ ಇದ್ದದ್ದು ಕೆರುದುಂಗ್. ತಲೆಯ ಮೇಲೊಂದು ತೆಳುವಸ್ತ್ರ, ಮುಂಗೂದಲೂ ಕತ್ತೂ ಕಂಡರೆ ಕಾಣಲಿ. ಕೂದಲು, ಕಿವಿ, ಕತ್ತನ್ನು ಬಿಗಿಯಾಗಿ ಮುಚ್ಚುವ ಜಿಲ್ಬಾಬ್ ಹಬ್ಬಿದ್ದು 1979ರ ಇರಾನ್ ಕ್ರಾಂತಿಯ ನಂತರ, ವಿಶ್ವವಿದ್ಯಾಲಯಗಳ ಮಸೀದಿಗಳಲ್ಲಿ ಸೇರುತ್ತಿದ್ದ ಅಧ್ಯಯನ ಕೂಟಗಳಿಂದ. ಆಗಿನ ಅಧ್ಯಕ್ಷ ಸುಹಾರ್ತೊ ಅವರ ಆಡಳಿತಕ್ಕೆ ಅದರಲ್ಲಿ ರಾಜಕೀಯದ ವಾಸನೆ ಬಡಿಯಿತು. ಸರ್ಕಾರಿ ಶಾಲೆಗಳ 1982ರ ಸಮವಸ್ತ್ರ ನಿಯಮದಲ್ಲಿ ಜಿಲ್ಬಾಬ್‌ಗೆ ಜಾಗವಿರಲಿಲ್ಲ. ಕೆಲವು ಹುಡುಗಿಯರು ಖಾಸಗಿ ಶಾಲೆ ಸೇರಿದರು, ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಜಿಲ್ಬಾಬ್ ತೊಟ್ಟ ಹೆಂಗಸರು ಮಾರುಕಟ್ಟೆಯ ತಿನಿಸಿಗೆ ವಿಷ ಬೆರೆಸುತ್ತಿದ್ದಾರೆಂಬ ಗಾಳಿಸುದ್ದಿಯೂ ಹಬ್ಬಿತ್ತು! 1991ರಲ್ಲಿ ನಿಯಮ ಸಡಿಲವಾಯಿತು. ಅದೇ ವರ್ಷ ಸುಹಾರ್ತೊ ಹಜ್‌ಗೆ ಹೋಗಿಬಂದರು. 1998ರಲ್ಲಿ ಅವರ ಆಡಳಿತವೂ ಮುಗಿಯಿತು.

ಕಥೆಗೆ ಬಣ್ಣ ಬಂದದ್ದು 2010ರಲ್ಲಿ, ಜಕಾರ್ತದ ಯುವತಿಯರು ‘ಹಿಜಾಬರ್ಸ್ ಕಮ್ಯುನಿಟಿ’ ಕಟ್ಟಿಕೊಂಡ ಮೇಲೆ. ಅವರಲ್ಲೊಬ್ಬರಾದ ವಿನ್ಯಾಸಕಿ ದಿಯಾನ್ ಪೆಲಾಂಗಿ, ಗಂಟು ಕಟ್ಟಿ ಬಣ್ಣ ಹಾಕುವ ಪಾಲೆಂಬಾಂಗ್‌ನ ಜುಂಪುತಾನ್ ಬಟ್ಟೆಯನ್ನು ಫ್ಯಾಷನ್ ವೇದಿಕೆಗೆ ತಂದರು. ಒಳಗೆ ಚಿಪುತ್ ಎಂಬ ಬಿಗಿ ಟೋಪಿ, ಮೇಲೆ ಪಶ್ಮಿನಾ ಎಂಬ ಉದ್ದ ಶಾಲು, ಗಲ್ಲದಡಿ ಒಂದು ಪಿನ್, ಉಳಿದ ತುದಿಯನ್ನು ಭುಜದ ಮೇಲೆ ಮಡಿಕೆ ಹಾಕುವ ಬಗೆ: ಇದನ್ನೆಲ್ಲ ಯೂಟ್ಯೂಬ್ ಕಲಿಸಿತು. ಜಕಾರ್ತದ ತನಾ ಅಬಾಂಗ್ ಸಗಟು ಮಾರುಕಟ್ಟೆಯಲ್ಲಿ ಅಗ್ಗದ ಮಾದರಿಗಳು ರಾಶಿ ಬಿದ್ದವು. ಪಿನ್ನಿನ ಗೊಡವೆ ಬೇಡವೆನ್ನುವವರಿಗೆ ಒಂದೇ ಸಲಕ್ಕೆ ತಲೆಗೆ ಏರಿಸುವ ಸಿದ್ಧ ಹಿಜಾಬ್ ಬಂತು. ಹಳ್ಳಿಗಾಡಿನವರ ಉಡುಪೆಂದು ಮೂಗು ಮುರಿಯುತ್ತಿದ್ದ ಪೇಟೆಯವರೇ ಈಗ ಗಿರಾಕಿಗಳು. 2016ರಲ್ಲಿ ಇಂಡೊನೇಷ್ಯಾದ ವಿನ್ಯಾಸಕಿ ಅನಿಸಾ ಹಸಿಬುವಾನ್ ನ್ಯೂಯಾರ್ಕ್ ಫ್ಯಾಷನ್ ವೀಕ್‌ನಲ್ಲಿ ಎಲ್ಲ ರೂಪದರ್ಶಿಯರಿಗೂ ಹಿಜಾಬ್ ತೊಡಿಸಿದರು.

ಆದರೆ ಅಂಗಡಿಯಲ್ಲಿ ಆಯ್ಕೆಗಳು ಹೆಚ್ಚಿದ ಹೊತ್ತಿನಲ್ಲೇ ಹಲವು ಊರುಗಳಲ್ಲಿ ತೊಡದಿರುವ ಆಯ್ಕೆ ಕಿರಿದಾಗುತ್ತಿತ್ತು. ಪಶ್ಚಿಮ ಸುಮಾತ್ರಾದ ಪಡಾಂಗ್ ನಗರಾಡಳಿತ 2005ರಲ್ಲೇ ಮುಸ್ಲಿಂ ವಿದ್ಯಾರ್ಥಿನಿಯರಿಗೆ ಜಿಲ್ಬಾಬ್ ಕಡ್ಡಾಯ ಮಾಡಿತ್ತು. 2021ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದು ಕ್ರೈಸ್ತ ವಿದ್ಯಾರ್ಥಿನಿಗೂ ಅದನ್ನೇ ತೊಡಲು ಹೇಳಿದ್ದು ದೇಶವ್ಯಾಪಿ ಸುದ್ದಿಯಾಯಿತು. ಫೆಬ್ರವರಿಯಲ್ಲಿ ಮೂವರು ಸಚಿವರು ಜಂಟಿ ಆದೇಶ ಹೊರಡಿಸಿ, ಸರ್ಕಾರಿ ಶಾಲೆಗಳು ಧಾರ್ಮಿಕ ಉಡುಪನ್ನು ಹೇರಲೂಬಾರದು, ತಡೆಯಲೂಬಾರದು ಎಂದರು. ಎರಡೂ ಕಡೆಯ ಹುಡುಗಿಯರಿಗೆ ಒಪ್ಪಾಗುವ ಮಾತು ಅದು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.