ಜೈಲಿನ ಸಿನಿಮಾ ಯಾವಾಗಲೂ ಕೈದಿಯ ಪರವೇ?

ಪ್ರಶ್ನೆ: ಐರ್ಲೆಂಡಿನ ಜೈಲಿನ ಉಪವಾಸದ ಬಗ್ಗೆ ‘ಹಂಗರ್’ ಸಿನಿಮಾ ನೋಡಿದೆ. ಬಾಂಬ್ ಇಡುವ ಸಂಘಟನೆಯವನನ್ನು ಹುತಾತ್ಮನ ಹಾಗೆ ತೋರಿಸಿದ್ದಾರೆ ಅನ್ನಿಸಿತು. ಇಂಥ ಸಿನಿಮಾಗಳಲ್ಲಿ ಸತ್ತವರ ಕಥೆ ಯಾಕೆ ಇರುವುದಿಲ್ಲ?
– ಮಂಡ್ಯದ ಓದುಗರು

ಉತ್ತರ: ನಿಮ್ಮ ದೂರು ಅರ್ಧ ಸರಿ. ಎರಡು ಗಂಟೆ ಕ್ಯಾಮೆರಾ ಸೆಲ್ಲಿನೊಳಗೇ ಇದ್ದರೆ ನಮ್ಮ ಮನಸ್ಸು ಒಳಗಿರುವವನ ಕಡೆಗೇ ವಾಲುತ್ತದೆ. ಹೊರಗೆ ಯಾರ ಮನೆಯಲ್ಲಿ ಹೆಣ ಬಿತ್ತು ಅನ್ನೋದು ಕಾಣುವುದೇ ಇಲ್ಲ.

ಮೊದಲು ನಡೆದದ್ದೇನು ನೋಡೋಣ. ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಬಂದೂಕು ಹಿಡಿದ ಐಆರ್‌ಎಯಂಥ ಸಂಘಟನೆಗಳ ಕೈದಿಗಳಿಗೆ ಜೈಲಿನಲ್ಲಿ ರಾಜಕೀಯ ಕೈದಿಗಳ ಹಾಗೆ ಪ್ರತ್ಯೇಕ ಸ್ಥಾನಮಾನ ಇತ್ತು. 1976ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ತೆಗೆಯಿತು. ನಾವೇನು ಕಳ್ಳಕಾಕರಲ್ಲ ಎಂದು ಅವರು ಜೈಲಿನ ಬಟ್ಟೆ ಹಾಕಲಿಲ್ಲ, ಬರೀ ಕಂಬಳಿ ಸುತ್ತಿಕೊಂಡರು. ಆಮೇಲೆ ಸ್ನಾನ ಬಿಟ್ಟರು, ಗೋಡೆಗೆ ಮಲ ಮೆತ್ತಿದರು. 1981ರಲ್ಲಿ ಅನ್ನ ಬಿಟ್ಟರು. ಹತ್ತು ಜನ ಸತ್ತರು. ಮೊದಲು ಸತ್ತ ಬಾಬಿ ಸ್ಯಾಂಡ್ಸ್ ಉಪವಾಸದಲ್ಲಿದ್ದಾಗಲೇ ಬ್ರಿಟಿಷ್ ಸಂಸತ್ತಿಗೆ ಗೆದ್ದಿದ್ದ. 66ನೇ ದಿನ, ಮೇ 5ಕ್ಕೆ ಪ್ರಾಣ ಬಿಟ್ಟ. ಅವನಿಗೆ ಶಿಕ್ಷೆಯಾಗಿದ್ದು ಬಂದೂಕು ಇಟ್ಟುಕೊಂಡಿದ್ದಕ್ಕೆ, ಕೊಲೆಗಲ್ಲ. ಹಾಗಂತ ಅವನ ಐಆರ್‌ಎ ಹೊರಗೆ ಸುಮ್ನೆ ಕೂತಿರಲಿಲ್ಲ.

ಈಗ ಸಿನಿಮಾಕ್ಕೆ ಬನ್ನಿ. ಸ್ಯಾಂಡ್ಸ್ ಬರುವುದಕ್ಕಿಂತ ಎಷ್ಟೋ ಮುಂಚೆ ನಮಗೆ ಸಿಗುವುದು ಒಬ್ಬ ಜೈಲು ಕಾವಲುಗಾರ. ಕೈದಿಗಳನ್ನು ಹೊಡೆದು ಗೆಣ್ಣು ಕಿತ್ತುಹೋದ ಕೈಯನ್ನು ಸಿಂಕಿನ ನೀರಿನಲ್ಲಿ ಅದ್ದಿ ನಿಲ್ಲುತ್ತಾನೆ. ಡ್ಯೂಟಿಗೆ ಹೊರಡುವಾಗ ಬಗ್ಗಿ ಕಾರಿನ ಕೆಳಗೆ ಬಾಂಬ್ ಇದೆಯಾ ಅಂತ ನೋಡುತ್ತಾನೆ. ಹೆಂಡತಿ ಕಿಟಕಿಯಿಂದ ನೋಡುತ್ತಿರುತ್ತಾಳೆ. ಮುಂದೆ, ವಯಸ್ಸಾದ ತಾಯಿಯನ್ನು ನೋಡಲು ವೃದ್ಧಾಶ್ರಮಕ್ಕೆ ಹೋದಾಗ ಅವನಿಗೆ ಗುಂಡು ಹೊಡೆಯುತ್ತಾರೆ. ತಾಯಿಯ ಮಡಿಲಿಗೇ ಬೀಳುತ್ತಾನೆ. ಹೊಡೆಯುವವನೂ ಅವನೇ, ಸಾಯುವವನೂ ಅವನೇ. ನಡುವಿನ ಉದ್ದ ಮಾತುಕತೆಯಲ್ಲಿ ಪಾದ್ರಿ ಉಪವಾಸ ತಪ್ಪು ಎಂದು ಸ್ಯಾಂಡ್ಸ್ ಮುಖಕ್ಕೇ ಹೇಳುತ್ತಾನೆ. ಹದಿನೈದು ನಿಮಿಷಕ್ಕೂ ಜಾಸ್ತಿ ಹೊತ್ತು ಕ್ಯಾಮೆರಾ ಅಲುಗಾಡುವುದಿಲ್ಲ. ಕೊನೆಯ ಭಾಗ ಮಾತ್ರ ನೀವು ಹೇಳಿದ ಹಾಗೇ ಇದೆ. ಸೊರಗುವ ದೇಹ, ಹಕ್ಕಿಗಳು, ಬಾಲ್ಯದ ನೆನಪು. ಅಲ್ಲಿ ಅವನನ್ನು ಸಂತನನ್ನಾಗಿ ಮಾಡಿಯೇಬಿಟ್ಟರು. ನನಗೂ ಅದು ಹಿಡಿಸಲಿಲ್ಲ.

ನಮಗೆ ಇದು ವಿಚಿತ್ರ ಅನ್ನಿಸಲು ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಜಿಲ್ಲೆಯ ಶಿವಪುರದಲ್ಲಿ 1938ರಲ್ಲಿ ಧ್ವಜ ಹಾರಿಸಿ ಜೈಲಿಗೆ ಹೋದವರ ಬಗ್ಗೆ ಇವತ್ತು ಮದ್ದೂರಿನಲ್ಲಿ ಯಾರೂ ಜಗಳ ಆಡುವುದಿಲ್ಲ. ಬಂಧಿಸಿದ ಸರ್ಕಾರವೇ ಈಗಿಲ್ಲ. ಸ್ಮಾರಕ ಕಟ್ಟುವುದು ಸುಲಭ. ಉತ್ತರ ಐರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿನ ಮೂರು ದಶಕದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಶಾಂತಿ ಒಪ್ಪಂದದ ನಂತರ ಕೈದಿಗಳನ್ನು ಅವಧಿಗೆ ಮೊದಲೇ ಬಿಟ್ಟರು. ಕೊಂದವನೂ ಸತ್ತವನ ಅಣ್ಣನೂ ಒಂದೇ ಊರಿನಲ್ಲಿ ಬಾಳಬೇಕು. ಅಲ್ಲಿ ಯಾವ ಸಿನಿಮಾ ಮಾಡಿದರೂ ಅರ್ಧ ಊರಿಗೆ ಸಿಟ್ಟು ಬರುತ್ತದೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ತುರ್ತು ಪರಿಸ್ಥಿತಿ. ‘ಸಂಸ್ಕಾರ’ದ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಬೆಂಗಳೂರು ಜೈಲಿಗೆ ಹಾಕಿದರು. ಅಸ್ತಮಾ ಉಲ್ಬಣಿಸಿತು. ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಜೈಲಿಗೆ ಹಾಕಿದ ಪಕ್ಷವೂ ಜೈಲಿಗೆ ಹೋದವರ ಪಕ್ಷಗಳೂ ಇವತ್ತಿಗೂ ಓಟು ಕೇಳುತ್ತಿವೆ. ಹಾಗಾಗಿ ಆ ಕಾಲದ ಸಿನಿಮಾ ಬಂತು ಅಂದರೆ ‘ಯಾರ ದುಡ್ಡು?’ ಅನ್ನೋದೇ ಮೊದಲ ಪ್ರಶ್ನೆ, ಅಲ್ವಾ?

ಸಿಕ್ಕರೆ ‘ಸಮ್ ಮದರ್ಸ್ ಸನ್’ (1996) ನೋಡಿ. ಅದೇ ಉಪವಾಸ, ಆದರೆ ತಾಯಂದಿರ ಕಡೆಯಿಂದ. ಮಗನಿಗೆ ಪ್ರಜ್ಞೆ ತಪ್ಪಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ಮನೆಯವರಿಗಿತ್ತು. 1981ರ ಅಕ್ಟೋಬರಿನಲ್ಲಿ ಉಪವಾಸ ನಿಲ್ಲಲು ಮುಖ್ಯ ಕಾರಣವೇ ಹಾಗೆ ಒಪ್ಪಿದ ಮನೆಯವರು.