ಡಿಮ್ ಕರೆಂಟಿಗೆ ಓವನ್ ಕಾಯಿಲ್ ಸುಡುತ್ತದಾ?

ಪ್ರಶ್ನೆ: ನಮ್ಮ ಓಟಿಜಿ ಓವನ್‌ನ ಕೆಳಗಿನ ಕಾಯಿಲ್ ಬಿಸಿಯಾಗುತ್ತಿಲ್ಲ. ಮೇಲಿನದು ಸರಿ ಇದೆ. ಡಿಮ್ ಕರೆಂಟಿಗೆ ಸುಟ್ಟದ್ದು, ಸ್ಟೆಬಿಲೈಸರ್ ಇಲ್ಲದೆ ಹೊಸತು ಹಾಕಿದರೆ ಅದೂ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಈ ಸಲ ಪ್ರಶ್ನೆ ಪೆರ್ಲದಿಂದ. ಇದೇ ಪ್ರಶ್ನೆ ಬದಿಯಡ್ಕದಿಂದ ಬಂದಿತ್ತು, ಮುಳ್ಳೇರಿಯದಿಂದಲೂ ಬಂದಿತ್ತು. ಊರು ಬದಲಾಗುತ್ತದೆ, ಹೇಳುವ ಆ 'ಎಲ್ಲರೂ' ಮಾತ್ರ ಬದಲಾಗುವುದಿಲ್ಲ. ಕಾಯಿಲ್ ಬದಲಿಸಿ. ಸ್ಟೆಬಿಲೈಸರ್ ಬೇಡ. ಡಿಮ್ ಕರೆಂಟಿಗೆ ಓವನ್ ಕಾಯಿಲ್ ಸುಡುವುದಿಲ್ಲ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ ಅಂತ ಗೊತ್ತು. ಹಾಗಾಗಿ ಇನ್ನೊಮ್ಮೆ ಲೆಕ್ಕ ಹಾಕೋಣ.

ಕಾಯಿಲ್ ಒಳಗಿರುವುದು ನಿಕ್ರೋಮ್ ತಂತಿ. ಅದರ ಕೆಲಸ ಬಿಸಿಯಾಗುವುದು, ಅಷ್ಟೇ. ವೋಲ್ಟೇಜ್ ಇಳಿದರೆ ಅದರಲ್ಲಿ ಹರಿಯುವ ಕರೆಂಟೂ ಇಳಿಯುತ್ತದೆ. ಎರಡೂ ಇಳಿಯುವುದರಿಂದ ಬಿಸಿ ದುಪ್ಪಟ್ಟು ವೇಗದಲ್ಲಿ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ನಿಮ್ಮ 1500 ವ್ಯಾಟ್ ಓವನ್ ಸುಮಾರು 920 ವ್ಯಾಟ್‌ನದ್ದಾಗುತ್ತದೆ. ಪೂರ್ತಿ ಬಿಸಿ ತಡೆದುಕೊಳ್ಳುವ ತಂತಿ ಅರೆಬಿಸಿಯಲ್ಲಿ ಹೇಗೆ ಸುಡುತ್ತದೆ, ನೀವೇ ಹೇಳಿ. ಕೇಕ್ ಬೇಯುವುದು ತಡವಾಗುತ್ತದೆ, ನಿಜ. ಅದಕ್ಕೆ ಪ್ರೀಹೀಟ್ ಇನ್ನೊಂದು ಹತ್ತು ನಿಮಿಷ ಜಾಸ್ತಿ ಮಾಡಿ. ಸ್ಟೆಬಿಲೈಸರ್ ಕೂರಿಸಿದರೆ ಅದು ಲೈನಿನಿಂದ ಇನ್ನೂ ಹೆಚ್ಚು ಕರೆಂಟ್ ಎಳೆದು ನಿಮಗೆ 230 ಮಾಡಿಕೊಡುತ್ತದೆ. ಪಕ್ಕದ ಮನೆಯವರ ದೀಪ ಇನ್ನಷ್ಟು ಡಿಮ್.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತೋಟದಿಂದ. ಬೇಸಿಗೆಯಲ್ಲಿ ಅಡಿಕೆಗೆ ನೀರು ಬಿಡುವಾಗ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ, ಕರೆಂಟ್ ಡಿಮ್ ಆಗುತ್ತದೆ, ಒಂದೆರಡು ಮೋಟಾರ್ ಸುಡುತ್ತವೆ. ಅದು ಸತ್ಯವೇ. ಮೋಟಾರಿಗೆ ನೀರು ಎತ್ತಲೇಬೇಕು. ವೋಲ್ಟೇಜ್ ಕಡಿಮೆಯಾದರೆ ಜಾಸ್ತಿ ಕರೆಂಟ್ ಎಳೆದು ವೈಂಡಿಂಗ್ ಬಿಸಿ ಮಾಡಿಕೊಳ್ಳುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಕಥೆಯೂ ಅದೇ, ಅದಕ್ಕೆ ಸ್ಟೆಬಿಲೈಸರ್ ಇಟ್ಟರೆ ನನ್ನ ತಕರಾರಿಲ್ಲ. ಓವನ್‌ನಲ್ಲಿ ತಿರುಗುವ ಭಾರ ಎಲ್ಲಿದೆ? ಸಂಜೆ ಹೊತ್ತು ಕೇಕ್ ಇಡುತ್ತೀರಿ, ಸಂಜೆಯೇ ಕರೆಂಟ್ ಡಿಮ್, ಸಂಜೆಯೇ ಕಾಯಿಲ್ ಹೋಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ.

ಇಲ್ಲಿಗೆ ಬರುವಾಗ ಒಬ್ಬರಾದರೂ ಕೇಳುತ್ತಾರೆ: ಡಿಮ್ ಹೋಗಿ ಒಮ್ಮೆಲೇ ಫುಲ್ ಬಂದಾಗ ಸುಡುವುದಲ್ವಾ? ಅಲ್ಲ. ಫುಲ್ ಅಂದರೆ 230, ಅದಕ್ಕೇ ಮಾಡಿದ ಕಾಯಿಲ್ ಅದು. ಹಳೇ ಬಲ್ಬಿನ ತಂತಿ ತಣ್ಣಗಿರುವಾಗ ಕರೆಂಟನ್ನು ತಡೆಯುವುದು ತೀರಾ ಕಡಿಮೆ, ಸ್ವಿಚ್ ಹಾಕಿದ ಕ್ಷಣ ಒಮ್ಮೆಲೇ ನುಗ್ಗುತ್ತದೆ. ನಿಕ್ರೋಮ್ ಹಾಗಲ್ಲ. ತಣ್ಣಗಿದ್ದರೂ ಕೆಂಪಗಿದ್ದರೂ ಅದರ ಓಮ್ಸ್‌ನಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಸುಡುವುದು ಹೈ ವೋಲ್ಟೇಜಿಗೆ. ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಲೈನಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಕಡಿದರೆ ಮನೆಗೆ 230ರ ಜಾಗದಲ್ಲಿ 300, 350, ಕೆಲವೊಮ್ಮೆ 400ರ ಹತ್ತಿರವೂ ಬರಬಹುದು. ಆದರೆ ಆಗ ಓವನ್ ಒಂದೇ ಹೋಗುವುದಿಲ್ಲ. ಬಲ್ಬು, ಟಿವಿ, ರೌಟರ್ ಎಲ್ಲ ಮೆರವಣಿಗೆಯಲ್ಲಿ ಹೋಗುತ್ತವೆ. ನಿಮ್ಮಲ್ಲಿ ಹೋದದ್ದು ಒಂದು ಕಾಯಿಲ್ ಮಾತ್ರ. ಹಾಗಾದರೆ ಕಾರಣ ಓವನ್ ಒಳಗೇ ಇದೆ: ವರ್ಷಗಟ್ಟಲೆ ಬಿಸಿ ತಣ್ಣಗೆ ಆಗಿ ತಂತಿ ಸವೆದದ್ದು, ಸಕ್ಕರೆಪಾಕವೋ ಚೀಸೋ ಅದರ ಮೇಲೆ ಸುರಿದದ್ದು, ಅಥವಾ ತುದಿಯ ಕನೆಕ್ಷನ್ ಲೂಸಾಗಿ ಕರಟಿದ್ದು. ಕಡಲಿನ ಹತ್ತಿರದ ಮನೆಗಳಲ್ಲಿ ತುಕ್ಕೂ ಸೇರುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಮೇಲಿನ ಕಾಯಿಲೋ ಕೆಳಗಿನದೋ ಅಂತ ಆಯ್ಕೆ ಮಾಡುವ ನಾಬ್ ಯಾವುದರ ಮೇಲೆ ನಿಂತಿದೆ ನೋಡಿ. ನಗಬೇಡಿ, ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಆಮೇಲೆ ಪ್ಲಗ್ ಕಿತ್ತು, ಓವನ್ ತಣಿದ ಮೇಲೆ ಪಕ್ಕದ ತಗಡು ಬಿಚ್ಚಿ. ವಯರುಗಳ ಫೋಟೋ ತೆಗೆಯಿರಿ. ಕಾಯಿಲ್‌ನ ಒಂದು ವಯರ್ ಕಳಚಿ, ಮಲ್ಟಿಮೀಟರನ್ನು 200 ಓಮ್ಸ್‌ಗೆ ಇಟ್ಟು ಎರಡು ತುದಿ ಮುಟ್ಟಿಸಿ. 750 ವ್ಯಾಟ್ ಕಾಯಿಲ್ ಆದರೆ 70ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ. ಸರಿಯಾಗಿ ತೋರಿಸಿದರೆ ಕಾಯಿಲ್ ನಿರಪರಾಧಿ, ಸ್ವಿಚ್ಚನ್ನೋ ಥರ್ಮೋಸ್ಟಾಟನ್ನೋ ಹಿಡಿಯಿರಿ. ಕೆಲವು ಓವನ್‌ಗಳಲ್ಲಿ ಕೆಳಗಿನ ಎರಡು ರಾಡ್ ಸೀರೀಸ್‌ನಲ್ಲಿರುತ್ತವೆ. ಒಂದು ಕಡಿದರೆ ಎರಡೂ ತಣ್ಣಗೆ. ಎರಡನ್ನೂ ಅಳೆಯದೆ ಎರಡಕ್ಕೂ ದುಡ್ಡು ಕೊಡಬೇಡಿ.

ಹಳೆಯದನ್ನು ಅಂಗಡಿಗೆ ಒಯ್ದು ಉದ್ದ, ವೋಲ್ಟ್, ವ್ಯಾಟ್ ಮೂರೂ ಹೊಂದುವುದನ್ನೇ ತನ್ನಿ. ಬೇಗ ಬೇಯಲಿ ಅಂತ ಜಾಸ್ತಿ ವ್ಯಾಟಿನದ್ದು ಹಾಕಿದರೆ ಕಾಯಿಲ್ ಉಳಿದು ಸ್ವಿಚ್ ಕರಗುತ್ತದೆ. ಕನೆಕ್ಷನ್‌ಗೆ ಬೆಸುಗೆ ಬೇಡ, ಆ ಬಿಸಿಗೆ ಸೀಸ ಕರಗಿ ಬೀಳುತ್ತದೆ. ಸ್ಕ್ರೂ ಅಥವಾ ಕ್ರಿಂಪ್ ಗಟ್ಟಿಯಾಗಿರಲಿ. ವಯರ್ ಬದಲಿಸುವುದಿದ್ದರೆ ಬಿಸಿ ತಡೆಯುವ ಫೈಬರ್‌ಗ್ಲಾಸ್ ಹೊದಿಕೆಯದ್ದೇ ಬೇಕು, ಮನೆ ವೈರಿಂಗಿನ ತುಂಡು ನಡೆಯುವುದಿಲ್ಲ. ಅರ್ತ್ ವಯರನ್ನು ಮೊದಲಿದ್ದಲ್ಲೇ ಬಿಗಿಯಿರಿ. ಮೊದಲ ಸಲ ಖಾಲಿ ಓವನ್ 15-20 ನಿಮಿಷ ಉರಿಸಿ. ಸ್ವಲ್ಪ ಹೊಗೆ ಬರುತ್ತದೆ, ಕಿಟಕಿ ತೆರೆದಿಡಿ.

ನೀವು ಕೇಳಲಿಲ್ಲ, ಆದರೆ ಜೂನ್ ಬಂದರೆ ಕೇಳಿಯೇ ಕೇಳುತ್ತೀರಿ: ಹೊಸ ಕಾಯಿಲ್ ಹಾಕಿದೆ, ಓವನ್ ಆನ್ ಮಾಡಿದ ಕೂಡಲೇ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ, ಯಾಕೆ? ಲೋಹದ ಕೊಳವೆಯ ಕಾಯಿಲ್‌ಗಳಲ್ಲಿ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಆ ಪುಡಿಗೆ ನೀರೆಳೆಯುವ ಗುಣ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ತುದಿಗಳಿಂದ ತೇವ ಒಳಗೆ ಹೋಗಿ ಕರೆಂಟ್ ಕೊಳವೆಗೆ ಸೋರುತ್ತದೆ. 30 ಮಿಲಿಆಂಪ್ ಸೋರಿದರೆ ಸಾಕು, ಇಎಲ್‌ಸಿಬಿ ಬೀಳುತ್ತದೆ. ಸಾಧಾರಣ ಮಲ್ಟಿಮೀಟರ್ ಇದನ್ನು ಎಷ್ಟೋ ಸಲ ಹಿಡಿಯುವುದಿಲ್ಲ, ಹೈ ವೋಲ್ಟೇಜ್ ಕೊಟ್ಟು ಸೋರಿಕೆ ನೋಡುವ ಮೆಗ್ಗರ್ ಎಂಬ ಮೀಟರ್ ಇರುವ ಎಲೆಕ್ಟ್ರಿಷಿಯನ್ ಬೇಕು. ಇಎಲ್‌ಸಿಬಿ ತಪ್ಪಿಸಿ ಲೈನ್ ಕೊಡುತ್ತೇನೆ ಅಂತ ಆತ ಹೇಳಿದರೆ ಬೇಡ ಅನ್ನಿ, ಓವನ್‌ನ ಮೈಗೇ ಶಾಕ್ ಬರಬಹುದು. ಕಾಯಿಲ್ ಬಿಚ್ಚಿ ನೆರೆಮನೆಯ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಹೆಚ್ಚಾಗಿ ಒಣಗುತ್ತದೆ. ಆಮೇಲೂ ಬಿದ್ದರೆ ಆ ಕಾಯಿಲ್ ಬದಲಿಸಲೇಬೇಕು. ಒಣಗಿತೆಂದರೆ ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಕಾಲು ಗಂಟೆ ಓವನ್ ಉರಿಸಿ. ಆ ನೆಪದಲ್ಲಿ ಹಪ್ಪಳ ಸುಟ್ಟುಕೊಳ್ಳಬಹುದು.