ಗಂಡಸು ಅಷ್ಟು ಮೇಲಿನ ದನಿಯಲ್ಲಿ ಹಾಡುವುದು ಹೇಗೆ? ಆಪರೇಷನ್ ಆಗಿರುತ್ತಾ?

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬ್ರೇಕ್‌ಡಾನ್ಸ್ ಮಾಡಿ, ಹೆಂಗಸಿನ ದನಿಯಲ್ಲಿ ಹಾಡಿದವರನ್ನು ಕೌಂಟರ್‌ಟೆನರ್ ಅಂತಾರಂತೆ. ಇಂಥವರಿಗೆ ಚಿಕ್ಕಂದಿನಲ್ಲೇ ಆಪರೇಷನ್ ಮಾಡಿರುತ್ತಾರೆ ಅನ್ನೋದು ನಿಜವೇ?

ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ನನಗೇ ಲೆಕ್ಕ ತಪ್ಪಿದೆ. ನೀವು ನೋಡಿದ್ದು ಪೋಲೆಂಡಿನ ಯಾಕುಬ್ ಯೂಜೆಫ್ ಓರ್ಲಿನ್ಸ್ಕಿ ಅವರನ್ನು. ಅವರಿಗೆ ಯಾವ ಆಪರೇಷನ್ನೂ ಆಗಿಲ್ಲ.

ನೀವು ಹೇಳುತ್ತಿರುವುದು ಕ್ಯಾಸ್ಟ್ರಾಟೋಗಳ ವಿಷಯ. ಹಿಂದೆ ಇಟಲಿಯಲ್ಲಿ ಒಳ್ಳೆ ಕಂಠದ ಹುಡುಗರಿಗೆ ದನಿ ಒಡೆಯುವ ಮೊದಲೇ, ಹೋರಿಗೆ ಮಾಡುವ ಹಾಗೆ, ಬೀಜ ಒಡೆಸುತ್ತಿದ್ದರು. ಆಮೇಲೆ ಮೈ ಬೆಳೆಯುತ್ತಿತ್ತು, ಎದೆ ಅಗಲವಾಗುತ್ತಿತ್ತು, ಧ್ವನಿಪೆಟ್ಟಿಗೆ ಮಾತ್ರ ಹುಡುಗನದ್ದೇ ಆಗಿ ಉಳಿಯುತ್ತಿತ್ತು. ಆ ಸಾಲಿನ ಕೊನೆಯವನು ಅಲೆಸ್ಸಾಂದ್ರೊ ಮೊರೆಸ್ಕಿ. ರೋಮ್‌ನಲ್ಲಿ 1902 ಮತ್ತು 1904ರಲ್ಲಿ ಅವನ ಹಾಡನ್ನು ರೆಕಾರ್ಡ್ ಮಾಡಿದ್ದರು. 1922ರಲ್ಲಿ ತೀರಿಕೊಂಡ. ಅಲ್ಲಿಗೆ ಆ ಕಥೆ ಮುಗಿಯಿತು.

ಕೌಂಟರ್‌ಟೆನರ್‌ಗಳು ಹಾಡುವುದು ಫಾಲ್ಸೆಟ್ಟೋದಲ್ಲಿ. ನಮ್ಮ ಸಂಗೀತದವರು ಮೂಗು ಮುರಿದು ‘ಕಳ್ಳದನಿ’ ಅನ್ನುತ್ತಾರಲ್ಲ, ಅದೇ. ನಂಬಿಕೆ ಬರದಿದ್ದರೆ ಈಗಲೇ ಎದೆಯ ಮೇಲೆ ಅಂಗೈ ಇಟ್ಟು ದಪ್ಪ ದನಿಯಲ್ಲಿ ‘ಆ’ ಅನ್ನಿ. ಕೈಗೆ ಅದುರು ಗೊತ್ತಾಗುತ್ತದೆ. ಈಗ ಅಜ್ಜಿಯ ಮಿಮಿಕ್ರಿ ಮಾಡುವ ಹಾಗೆ ದನಿ ತೆಳ್ಳಗೆ ಮಾಡಿ ಮೇಲಕ್ಕೆ ಹೋಗಿ. ಎದೆಯ ಅದುರು ಕಮ್ಮಿಯಾಯ್ತು, ಅಲ್ವಾ? ಧ್ವನಿತಂತುಗಳು ಎಳೆದುಕೊಂಡು ತೆಳ್ಳಗಾಗಿವೆ, ಅಂಚು ಮಾತ್ರ ಕಂಪಿಸುತ್ತಿದೆ. ಇದು ಹೆಚ್ಚುಕಮ್ಮಿ ಎಲ್ಲ ಗಂಡಸರಿಗೂ ಬರುತ್ತದೆ. ನಮ್ಮದು ಬಚ್ಚಲುಮನೆಯಲ್ಲೇ ಕೀರಲಾಗಿ ನಿಲ್ಲುತ್ತದೆ. ಅವರು ವರ್ಷಗಟ್ಟಲೆ ಸಾಧನೆ ಮಾಡಿ ಅದಕ್ಕೆ ತೂಕ ತರುತ್ತಾರೆ. ಅವರಲ್ಲಿ ಎಷ್ಟೋ ಜನ ಮಾತಾಡುವುದು ಬ್ಯಾರಿಟೋನ್, ಅಂದರೆ ಗಂಡಸಿನ ದಪ್ಪ ದನಿಯಲ್ಲಿ.

ಈ ದನಿಯನ್ನು ಚರ್ಚಿನಿಂದ ಹೊರಗೆ ತಂದವರು ಇಂಗ್ಲೆಂಡಿನ ಆಲ್ಫ್ರೆಡ್ ಡೆಲ್ಲರ್. ಕ್ಯಾಂಟರ್ಬರಿ ಕೆಥೀಡ್ರಲ್‌ನಲ್ಲಿ ಹಾಡುತ್ತಿದ್ದವರು. 1946ರಲ್ಲಿ ಬಿಬಿಸಿಯ ಥರ್ಡ್ ಪ್ರೋಗ್ರಾಮ್ ಎಂಬ ರೇಡಿಯೋ ವಾಹಿನಿ ಶುರುವಾದ ರಾತ್ರಿ, ಹದಿನೇಳನೇ ಶತಮಾನದ ಇಂಗ್ಲಿಷ್ ಸಂಗೀತಕಾರ ಪರ್ಸೆಲ್‌ನ ಸಂಗೀತ ಹಾಡಿದರು. 1960ರಲ್ಲಿ ಬೆಂಜಮಿನ್ ಬ್ರಿಟನ್ ಎಂಬ ಸಂಗೀತಕಾರರು ತಮ್ಮ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕದ) ಒಬೆರಾನ್ ಪಾತ್ರವನ್ನು ಇವರಿಗೆಂದೇ ಬರೆದರು. ಎತ್ತರದ ಆಳು, ಗಡ್ಡ ಬೇರೆ. ಮೂರು ಮಕ್ಕಳ ತಂದೆ. ಮಗ ಮಾರ್ಕ್ ಕೂಡ ಕೌಂಟರ್‌ಟೆನರ್. ಆಪರೇಷನ್ ಆದವರಿಗೆ ಮಗ ಎಲ್ಲಿಂದ ಬಂದ ಸ್ವಾಮಿ?

ಕೆಲಸ ಸಿಗುತ್ತಾ ಅಂದರೆ, ಸಿಗುತ್ತದೆ, ಆದರೆ ಹೊಲ ಚಿಕ್ಕದು. ಇಟಲಿಯ ದೊಡ್ಡ ಒಪೆರಾ ಸಂಗೀತಕಾರರಾದ ವರ್ಡಿ, ಪುಚ್ಚೀನಿ ಕೌಂಟರ್‌ಟೆನರ್‌ಗಳಿಗೆಂದು ಒಂದು ಪಾತ್ರವನ್ನೂ ಬರೆದಿಲ್ಲ. ಒಂದು ಕಡೆ ಹದಿನೆಂಟನೇ ಶತಮಾನದ ಸಂಗೀತಕಾರ ಹ್ಯಾಂಡೆಲ್ ಕಾಲದಲ್ಲಿ ಕ್ಯಾಸ್ಟ್ರಾಟೋಗಳಿಗೆಂದು ಬರೆದ ಒಪೆರಾ, ಇನ್ನೊಂದು ಕಡೆ ಫಿಲಿಪ್ ಗ್ಲಾಸ್ ಅವರ ‘ಅಖ್ನಾತೆನ್’ (1984) ಥರದ ಹೊಸವು. ನಡುವಿನ ಇನ್ನೂರು ವರ್ಷ ಹೆಚ್ಚುಕಮ್ಮಿ ಖಾಲಿ.

ಯಾರೂ ಕೇಳದ ಒಂದು ಪ್ರಶ್ನೆ ನಾನೇ ಕೇಳಿಕೊಳ್ಳುತ್ತೇನೆ. ಕ್ಯಾಸ್ಟ್ರಾಟೋ ಸಿಗದಿದ್ದಾಗ ಹ್ಯಾಂಡೆಲ್ ಏನು ಮಾಡುತ್ತಿದ್ದ? ಕೌಂಟರ್‌ಟೆನರ್ ಹುಡುಕುತ್ತಿದ್ದ ಅಂದುಕೊಂಡಿರಾ? ಹೆಂಗಸರನ್ನು ಕರೆಯುತ್ತಿದ್ದ! 1720ರ ಏಪ್ರಿಲ್‌ನಲ್ಲಿ ‘ರಾದಮಿಸ್ತೊ’ ಶುರುವಾದಾಗ ನಾಯಕನ ವೇಷ ಹಾಕಿದ್ದು ಮಾರ್ಗೆರಿತಾ ದುರಸ್ತಾಂತಿ ಎಂಬ ಗಾಯಕಿ. ಡಿಸೆಂಬರ್‌ನಲ್ಲಿ ಸೆನೆಸೀನೊ ಎಂಬ ಕ್ಯಾಸ್ಟ್ರಾಟೋ ಸಿಕ್ಕ ಮೇಲೆ ಪಾತ್ರ ಅವನಿಗೆ ಹೋಯಿತು. ಹ್ಯಾಂಡೆಲ್‌ಗೆ ಬೇಕಿದ್ದದ್ದು ಆ ಸ್ಥಾಯಿ. ಹಾಡುವವರು ಗಂಡೋ ಹೆಣ್ಣೋ ಅನ್ನುವುದು ಆಮೇಲಿನ ಮಾತು.

ನಮ್ಮ ಕಾಲದವರೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದು. 1966ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾ ಕಂಪನಿ, ಹ್ಯಾಂಡೆಲ್ ಬರೆದ ಜೂಲಿಯಸ್ ಸೀಸರ್ ಒಪೆರಾದ ಸೀಸರ್‌ನ ಪಾತ್ರವನ್ನು ನಾರ್ಮನ್ ಟ್ರೈಗಲ್ ಎಂಬ ಬಾಸ್-ಬ್ಯಾರಿಟೋನ್ (ಇನ್ನೂ ದಪ್ಪ ದನಿಯ ಗಾಯಕ) ಕೈಗೆ ಕೊಟ್ಟಿತು. ಸೆನೆಸೀನೊಗೆಂದು ಬರೆದ ಹಾಡುಗಳು ಸುಮ್ನೆ ಒಂದು ಸ್ಥಾಯಿ ಕೆಳಗಿಳಿದವು. ರೋಮ್‌ನ ವೀರನಿಗೆ ದಪ್ಪ ದನಿಯೇ ಇರಬೇಕು ಅಂತ ಹ್ಯಾಂಡೆಲ್ ಎಲ್ಲೂ ಹೇಳಿರಲಿಲ್ಲ.